ಯಾರನ್ನು ನಂಬಬೇಕು? ಹದಿಹರೆಯದವರು ಪತ್ತೇದಾರಿ ಕಾದಂಬರಿ ಕೈಬಿಡದ ಕಾರಣ

ಕಲಬುರಗಿಯ ಹೈಸ್ಕೂಲು ಮಕ್ಕಳ ಜೊತೆ ಓದಿನ ಕೆಲಸ ಮಾಡುವ ನನಗೆ ಒಂದು ಸಂಗತಿ ಪದೇ ಪದೇ ಕಾಣುತ್ತದೆ. ಪಠ್ಯಪುಸ್ತಕದ ನಾಲ್ಕು ಪುಟ ಓದಲು ಆಕಳಿಸುವ ಮಕ್ಕಳು ಒಳ್ಳೆಯ ಪತ್ತೇದಾರಿ ಕಾದಂಬರಿ ಸಿಕ್ಕರೆ ಎರಡು ಮೂರು ರಾತ್ರಿಯಲ್ಲಿ ಮುಗಿಸುತ್ತಾರೆ. ಮುಗಿಸಿ ಸುಮ್ನೆ ಇರುವುದಿಲ್ಲ. "ಮೇಡಂ, ಆ ಕಾಕಾನ ಮ್ಯಾಲ ನನಗ ಮೊದಲಿಂದ್ಲೇ ಡೌಟ್ ಇತ್ರಿ" ಎಂದು ಒಬ್ಬಳು ಅನ್ನುತ್ತಾಳೆ. "ಸುಳ್ಳು ರೀ ಮೇಡಂ, ನಿನ್ನಿ ಅಕಿ ಡ್ರೈವರ್ ಹೆಸರು ಹೇಳಿದ್ಲು" ಎಂದು ಇನ್ನೊಬ್ಬ ಅಡ್ಡ ಬರುತ್ತಾನೆ. ಪಠ್ಯದ ಯಾವ ಪಾಠದ ಬಗ್ಗೆಯೂ ಮಕ್ಕಳು ಹೀಗೆ ವಾದ ಮಾಡಿದ್ದು ನಾನು ನೋಡಿಲ್ಲ.

"ಅದೆಲ್ಲ ಬರೀ ಥ್ರಿಲ್‌ಗಾಗಿ ಓದೋದು" ಎಂದು ದೊಡ್ಡವರು ಹೇಳಿ ಮುಗಿಸುತ್ತಾರೆ. ಈ ಉತ್ತರ ನನಗೆ ಸಾಲದು. ಬರೀ ಥ್ರಿಲ್ ಬೇಕಾದರೆ ಕೈಯಲ್ಲಿ ಫೋನಿದೆ. ರೀಲ್ಸ್, ಗೇಮ್, ವೆಬ್ ಸಿರೀಸ್ ಎಲ್ಲವೂ ಪುಸ್ತಕಕ್ಕಿಂತ ಬೇಗ ಮೈ ಬಿಸಿ ಮಾಡುತ್ತವೆ. ಮುನ್ನೂರು ಪುಟದ ಕಾದಂಬರಿ ನಿಧಾನದ ವಸ್ತು. ಅಷ್ಟು ನಿಧಾನವನ್ನು ಹದಿನಾಲ್ಕು ವರ್ಷದ ಹುಡುಗಿ ಸಹಿಸಿಕೊಂಡು ಓದುತ್ತಾಳೆ ಅಂದರೆ ಅವಳಿಗೆ ಅಲ್ಲಿ ಬೇರೆ ಏನೋ ಸಿಗುತ್ತಿದೆ. ನಾನು ಕಂಡುಕೊಂಡದ್ದು ಇಷ್ಟು: ಈ ಕಾದಂಬರಿಗಳು ಓದುವ ಹುಡುಗಿಯನ್ನು ವಿಚಾರಿಸಿ ನೋಡಬಲ್ಲವಳು ಎಂದು ನಂಬುತ್ತವೆ. ಸಾಕ್ಷಿಯನ್ನು ಅವಳ ಮುಂದೆ ಇಡುತ್ತವೆ. ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂಬ ತೀರ್ಮಾನವನ್ನು ಅವಳಿಗೇ ಬಿಡುತ್ತವೆ. ಆ ವಯಸ್ಸಿನ ಮಕ್ಕಳಿಗೆ ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಈ ಮರ್ಯಾದೆ ಸಿಗುವುದು ಅಪರೂಪ.

ಕಥೆಯ ಯಂತ್ರ ಹೇಗೆ ಓಡುತ್ತದೆ ಎಂಬುದನ್ನು ಮೊದಲು ನೋಡೋಣ. ಪತ್ತೇದಾರಿ ಕಥೆಯೊಳಗೆ ಎರಡು ಕಥೆಗಳಿರುತ್ತವೆ ಎಂದು 1966ರಲ್ಲಿ ವಿಮರ್ಶಕ ತ್ಸ್ವೆತಾನ್ ತೊದೊರೋವ್ ಬರೆದ. ಒಂದು, ಈಗಾಗಲೇ ನಡೆದುಹೋದ ಅಪರಾಧದ ಕಥೆ. ಇನ್ನೊಂದು, ಅದನ್ನು ಹುಡುಕುವ ಕಥೆ. ಮೊದಲನೆಯದು ಮುಚ್ಚಿಹೋಗಿದೆ, ಎರಡನೆಯದು ನಮ್ಮ ಕಣ್ಣೆದುರೇ ನಡೆಯುತ್ತದೆ. ಸಸ್ಪೆನ್ಸ್ ಕಥೆಯ ದಾರಿ ಸ್ವಲ್ಪ ಬೇರೆ. ಅಲ್ಲಿ ಆಗಿಹೋದದ್ದಕ್ಕಿಂತ ಆಗಲಿರುವುದರ ಚಿಂತೆ ಜಾಸ್ತಿ. ಮೇಜಿನ ಕೆಳಗಿನ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಹದಿನೈದು ಸೆಕೆಂಡಿನ ಗಾಬರಿ, ಬಾಂಬು ಇರುವುದು ಪ್ರೇಕ್ಷಕರಿಗೆ ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷದ ತಳಮಳ ಎಂದು ಸಿನಿಮಾ ನಿರ್ದೇಶಕ ಹಿಚ್‌ಕಾಕ್ ವಿವರಿಸುತ್ತಿದ್ದ. ಹದಿಹರೆಯದವರ ಕಾದಂಬರಿಗಳು ಈ ಎರಡನ್ನೂ ಬೆರೆಸುತ್ತವೆ. ಹಿಂದೆ ಏನಾಯಿತು ಅಂತ ಹುಡುಕುವ ಹುಡುಗಿಯೇ ಮುಂದೆ ಅಪಾಯಕ್ಕೆ ಸಿಕ್ಕಿಕೊಳ್ಳುತ್ತಾಳೆ.

ಕುತೂಹಲದ ಬಗ್ಗೆ ಅಮೆರಿಕದ ಸಂಶೋಧಕ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಮಂಡಿಸಿದ ವಿಚಾರ ನಮ್ಮ ಭಾಗಕ್ಕೆ ಚೆನ್ನಾಗಿ ಹೊಂದುತ್ತದೆ. ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕು ಅನ್ನಿಸುವುದಕ್ಕೂ ನಡುವೆ ಒಂದು ಸಂದು ಇರುತ್ತದೆ. ಆ ಸಂದು ಕಣ್ಣಿಗೆ ಬಿದ್ದಾಗ ಕುತೂಹಲ ಹುಟ್ಟುತ್ತದೆ. ಅಂದರೆ ಸ್ವಲ್ಪ ಗೊತ್ತಿರಲೇಬೇಕು. ಏನೂ ಗೊತ್ತಿಲ್ಲದ ಕಡೆ ಕುತೂಹಲವೂ ಹುಟ್ಟುವುದಿಲ್ಲ. ಅಮೆರಿಕದ ಹೈಸ್ಕೂಲಿನಲ್ಲಿ ಲಾಕರ್ ಯಾಕೆ ಇರುತ್ತದೆ ಎಂಬುದೇ ತಿಳಿಯದ ಚಿಂಚೋಳಿಯ ಹುಡುಗನಿಗೆ ಆ ಲಾಕರಿನಲ್ಲಿ ಸಿಕ್ಕ ಚೀಟಿಯಿಂದ ಏನೂ ಅನ್ನಿಸುವುದಿಲ್ಲ. ಅದೇ ಚೀಟಿ ಹಾಸ್ಟೆಲಿನ ಟ್ರಂಕಿನಲ್ಲಿ ಸಿಕ್ಕರೆ? ಆ ಟ್ರಂಕಿನ ಬೀಗ ಹೇಗಿರುತ್ತದೆ, ಕೀಲಿ ಯಾರ ಕೊರಳಲ್ಲಿರುತ್ತದೆ, ವಾರ್ಡನ್ ಯಾವಾಗ ಬರುತ್ತಾರೆ ಎಲ್ಲ ಅವನಿಗೆ ಗೊತ್ತು. ಓದಲು ಶುರು ಮಾಡುವ ಮೊದಲೇ ಅವನು ತನಿಖೆ ಶುರು ಮಾಡಿರುತ್ತಾನೆ.

ಕೊನೆ ಗೊತ್ತಾದರೆ ಮಜಾ ಹೋಗುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಪತ್ತೇದಾರಿ ಕಥೆಗಳೂ ಸೇರಿದಂತೆ ಹಲವು ಸಣ್ಣ ಕಥೆಗಳನ್ನು ಓದಿಸಿ ನೋಡಿದರು. ಅಂತ್ಯ ಮೊದಲೇ ತಿಳಿದವರು ಒಟ್ಟಾರೆ ಹೆಚ್ಚೇ ಖುಷಿಪಟ್ಟಿದ್ದರು. ಒಂದೇ ಕಾದಂಬರಿಯನ್ನು ಮಕ್ಕಳು ಮತ್ತೆ ಮತ್ತೆ ಕೇಳಿ ಒಯ್ಯುವುದು ಯಾಕೆ ಎಂಬುದು ನನಗೆ ಇದರಿಂದ ಅರ್ಥವಾಗುತ್ತದೆ. ಎರಡನೇ ಸಲ ಓದುವಾಗ ಅವರು ಕಳ್ಳನನ್ನು ಹುಡುಕುವುದಿಲ್ಲ. ಲೇಖಕರು ತಮ್ಮನ್ನು ಎಲ್ಲಿ ದಾರಿ ತಪ್ಪಿಸಿದರು ಎಂದು ಹುಡುಕುತ್ತಾರೆ. ಬರೆಯುವವರ ಕೈಚಳಕವನ್ನು ಒಬ್ಬ ಓದುಗ ಗಮನಿಸತೊಡಗುವುದು ಇಲ್ಲಿಂದ. ಇದಕ್ಕಿಂತ ಒಳ್ಳೆಯ ಸಾಹಿತ್ಯದ ಪಾಠ ನನಗೆ ಗೊತ್ತಿಲ್ಲ.

ಇನ್ನು ವಯಸ್ಸಿನ ಮಾತು. ಹದಿಮೂರರಿಂದ ಹದಿನೆಂಟರ ನಡುವೆ ಮಕ್ಕಳಿಗೆ ಒಂದು ದೊಡ್ಡ ಸತ್ಯ ತಿಳಿಯುತ್ತದೆ: ದೊಡ್ಡವರು ಸುಳ್ಳು ಹೇಳುತ್ತಾರೆ. ಅಪ್ಪ ಸಾಲ ಮಾಡಿರುವುದು, ಅಕ್ಕನ ಮದುವೆ ಮುರಿದದ್ದಕ್ಕೆ ನಿಜವಾದ ಕಾರಣ, ಕಾಕಾನ ಜೊತೆ ಮಾತು ಬಿಟ್ಟದ್ದು ಯಾವ ಹೊಲದ ವಿಷಯಕ್ಕೆ, ಇವೆಲ್ಲ ಮನೆಯಲ್ಲಿ ಪಿಸುಮಾತಿನಲ್ಲಿ ನಡೆಯುತ್ತವೆ. ಮಕ್ಕಳು ಬಂದ ಕೂಡಲೇ ಮಾತು ನಿಲ್ಲುತ್ತದೆ. "ನಿನಗ್ಯಾಕ ಬೇಕು, ಓದ್ಕೋ ಹೋಗು." ಆದರೆ ಅವರು ಕೇಳಿಸಿಕೊಂಡಿರುತ್ತಾರೆ. ಅರ್ಧ ಮಾತು, ಒಂದು ಹೆಸರು, ಅಳುವ ಸದ್ದು. ಅದನ್ನೆಲ್ಲ ಜೋಡಿಸಿ ಕಥೆ ಕಟ್ಟಿಕೊಳ್ಳುತ್ತಲೇ ಇರುತ್ತಾರೆ. ಇಂಥ ಮಕ್ಕಳ ಕೈಗೆ ಅದೇ ಕೆಲಸ ಮಾಡುವ ನಾಯಕಿಯ ಕಥೆ ಸಿಕ್ಕರೆ ಅವರು ಬಿಡುತ್ತಾರಾ?

ಹದಿಹರೆಯದ ಪತ್ತೇದಾರಳ ಹತ್ತಿರ ಅಧಿಕಾರ ಇಲ್ಲ. ಪೊಲೀಸ್ ಜೀಪಿಲ್ಲ, ಸ್ಟೇಷನ್ನಿಲ್ಲ, ಯಾರನ್ನೂ ಕರೆದು ವಿಚಾರಣೆ ಮಾಡುವ ಹಕ್ಕಿಲ್ಲ. ಸೈಕಲ್ಲು, ಫೋನು, ಒಬ್ಬಿಬ್ಬರು ಗೆಳೆಯರು, ಸಂಜೆ ಏಳರೊಳಗೆ ಮನೆ ಸೇರಬೇಕೆಂಬ ಕಟ್ಟುಪಾಡು ಇಷ್ಟೇ. ಗಟ್ಟಿ ಪುರಾವೆ ಸಿಕ್ಕರೂ ಯಾರೂ ನಂಬುವುದಿಲ್ಲ. ಹೀಗಾಗಿ ಈ ಕಥೆಗಳಲ್ಲಿ ಸತ್ಯ ಕಂಡುಹಿಡಿಯುವುದು ಅರ್ಧ ಕೆಲಸ. ಅದನ್ನು ದೊಡ್ಡವರು ಒಪ್ಪುವಂತೆ ಹೇಳುವುದು ಉಳಿದರ್ಧ, ಕಷ್ಟದ ಅರ್ಧ. ನಮ್ಮ ಹೆಣ್ಣುಮಕ್ಕಳು ಈ ಪುಸ್ತಕಗಳನ್ನು ಹುಡುಗರಿಗಿಂತ ಆಸೆಯಿಂದ ಓದುವುದನ್ನು ಕಂಡಾಗಲೆಲ್ಲ ನನಗೆ ಈ ಎರಡನೇ ಅರ್ಧವೇ ಕಾರಣ ಅನ್ನಿಸುತ್ತದೆ. ನಂಬಿಸಲು ಹೆಣಗುವುದು ಏನೆಂದು ಅವರಿಗೆ ಚೆನ್ನಾಗಿ ಗೊತ್ತು.

ಈ ಬಗೆಯ ಬರವಣಿಗೆಗೆ ನೂರು ವರ್ಷದ ಹತ್ತಿರದ ಚರಿತ್ರೆ ಇದೆ. ಅಮೆರಿಕದಲ್ಲಿ 1927ರಲ್ಲಿ ಹಾರ್ಡಿ ಬಾಯ್ಸ್, 1930ರಲ್ಲಿ ನ್ಯಾನ್ಸಿ ಡ್ರೂ ಬಂದವು. ಬಂಗಾಳಿಯಲ್ಲಿ ಸತ್ಯಜಿತ್ ರಾಯ್ 1965ರಲ್ಲಿ ಪತ್ತೇದಾರ ಫೆಲುದಾನನ್ನು ತಂದರು, ಅದೂ ಮಕ್ಕಳ ಪತ್ರಿಕೆ 'ಸಂದೇಶ್'ನಲ್ಲಿ. ಆ ಕಥೆಗಳನ್ನು ಹೇಳುವವನು ಫೆಲುದಾನ ತಮ್ಮನ ಸಮಾನನಾದ ಹುಡುಗ ತಪೇಶ್. ಆ ಹಳೆಯ ಸರಣಿಗಳಲ್ಲಿ ನಾಯಕರು ಬದಲಾಗುತ್ತಿರಲಿಲ್ಲ. ಕಳ್ಳ ಹೊರಗಿನವನು, ಮನೆ ಭದ್ರ, ಕೊನೆಗೆ ಎಲ್ಲರೂ ಕೂತು ತಿಂಡಿ ತಿನ್ನುತ್ತಾರೆ. ಇತ್ತೀಚಿನ ಕಾದಂಬರಿಗಳು ಆ ಭದ್ರತೆಯನ್ನು ಕಿತ್ತುಹಾಕಿವೆ. ಅನುಮಾನ ಈಗ ಗೆಳತಿಯ ಮೇಲೆ, ಮೆಚ್ಚಿದ ಮೇಷ್ಟ್ರ ಮೇಲೆ, ಕೆಲವೊಮ್ಮೆ ಅಪ್ಪನ ಮೇಲೆಯೇ ಬೀಳುತ್ತದೆ. ಕಥೆ ಹೇಳುವವಳ ಮಾತನ್ನೂ ಪೂರ್ತಿ ನಂಬುವಂತಿಲ್ಲ. ಮೆಸೇಜು, ಡೈರಿ, ವಿಚಾರಣೆಯ ದಾಖಲೆ ಹೀಗೆ ಚೂರು ಚೂರಾಗಿ ಕಥೆ ಬರುತ್ತದೆ. ವಾಟ್ಸಾಪಿನಲ್ಲಿ ಬಂದ ವಿಡಿಯೋ ನಿಜವೋ ಸುಳ್ಳೋ ಎಂದು ದಿನಾ ತೂಗಬೇಕಾದ ತಲೆಮಾರಿಗೆ ಈ ರೂಪ ಸಹಜವಾಗಿ ಒಗ್ಗಿದೆ.

ನಂಬಿಕೆ, ಸಾಕ್ಷಿ, ಸುಳ್ಳು ಪತ್ರ ಅಂದಾಗ ಬೀದರ್ ನೆನಪಾಗದೆ ಇರಲು ಸಾಧ್ಯವಿಲ್ಲ. 1481ರ ಏಪ್ರಿಲ್ 5ರಂದು ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನನ ತಲೆ ತೆಗೆಯಲಾಯಿತು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದವನು ಅವನೇ. ಅವನು ಒಡಿಶಾದ ರಾಜನಿಗೆ ಪತ್ರ ಬರೆದು, ನಮ್ಮ ರಾಜ್ಯದ ಮೇಲೆ ದಂಡೆತ್ತಿ ಬಾ ಎಂದು ಕರೆದಿದ್ದಾನೆ ಎಂಬುದು ಆರೋಪ. ಪತ್ರದ ಮೇಲೆ ಗವಾನನ ಮುದ್ರೆ ಇತ್ತು. ಮುದ್ರೆ ಅಸಲಿ. ಪತ್ರ ನಕಲಿ. ಚರಿತ್ರಕಾರ ಫೆರಿಷ್ತಾ ಹೇಳುವ ಪ್ರಕಾರ ಗವಾನನ ವಿರೋಧಿಗಳು ಮುದ್ರೆ ಇಟ್ಟುಕೊಳ್ಳುವ ಆಳಿಗೆ ಕುಡಿಸಿ, ಖಾಲಿ ಹಾಳೆಯ ಮೇಲೆ ಮುದ್ರೆ ಒತ್ತಿಸಿಕೊಂಡಿದ್ದರು. ಆಮೇಲೆ ತಮಗೆ ಬೇಕಾದದ್ದನ್ನು ಅದರ ಮೇಲೆ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಕುಡಿದಿದ್ದ ಹೊತ್ತು ನೋಡಿ ಅದನ್ನು ತೋರಿಸಿದರು. ಮುದ್ರೆ ನನ್ನದು, ಪತ್ರ ನನಗೆ ಗೊತ್ತಿಲ್ಲ ಎಂದು ಗವಾನ್ ಹೇಳಿದರೂ ಸುಲ್ತಾನ ವಿಚಾರಣೆ ಮಾಡಲಿಲ್ಲ. ಸತ್ಯ ತಿಳಿದ ಮೇಲೆ ಪಶ್ಚಾತ್ತಾಪ ಪಟ್ಟ ಸುಲ್ತಾನ ಒಂದು ವರ್ಷದಲ್ಲಿ ತಾನೂ ಸತ್ತ. ಬಹಮನಿ ರಾಜ್ಯ ಒಡೆದು ಚೂರಾಯಿತು.

ಇದನ್ನು ನಾನು ಒಂಬತ್ತನೇ ತರಗತಿಯ ಮಕ್ಕಳಿಗೆ ಚರಿತ್ರೆಯಾಗಿ ಹೇಳದೆ ಕೇಸಾಗಿ ಹೇಳಿದೆ. ಪತ್ರ ಇದೆ, ಮುದ್ರೆ ಇದೆ, ಆರೋಪಿ ಒಪ್ಪುತ್ತಿಲ್ಲ. ನೀವು ಸುಲ್ತಾನನ ಜಾಗದಲ್ಲಿದ್ದರೆ ಮೊದಲು ಯಾರನ್ನು ಕರೆದು ಕೇಳುತ್ತೀರಿ? ಉತ್ತರಗಳು ಒಂದರ ಮೇಲೊಂದು ಬಂದವು. ಮುದ್ರೆ ಯಾರ ಹತ್ತಿರ ಇರುತ್ತಿತ್ತು? ಅಕ್ಷರ ಯಾರದು, ಗವಾನನ ಬೇರೆ ಪತ್ರದ ಅಕ್ಷರಕ್ಕೆ ಹೋಲಿಸಿದರಾ? ಪತ್ರ ಒಡಿಶಾಕ್ಕೆ ಹೋಗಬೇಕಿತ್ತು, ದಾರಿಯಲ್ಲಿ ಇವರ ಕೈಗೆ ಹೇಗೆ ಸಿಕ್ಕಿತು? ಕೊನೆಯ ಸಾಲಿನಲ್ಲಿ ಕೂಡುವ ಒಬ್ಬ ಹುಡುಗ ಎದ್ದು ನಿಂತು, "ಅಂವ ಸತ್ರ ಯಾರಿಗಿ ಫಾಯ್ದಾ ಆಗ್ತದ್ರಿ, ಅದು ಮೊದಲ ನೋಡ್ಬೇಕ್ರಿ" ಎಂದ. ಪತ್ತೇದಾರಿ ಕಾದಂಬರಿಗಳು ಕಲಿಸುವುದು ಇದೇ ಪ್ರಶ್ನೆಯನ್ನು.

ಸುರಪುರಕ್ಕೂ ಈ ಚರಿತ್ರೆಯಲ್ಲಿ ಜಾಗವಿದೆ. ಮುಂದೆ ಅಲ್ಲಿ ಬ್ರಿಟಿಷ್ ಅಧಿಕಾರಿಯಾದ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲೇ ಠಗ್ಗನೊಬ್ಬ ತನ್ನ ಅಪರಾಧಗಳನ್ನು ತಾನೇ ಹೇಳಿಕೊಳ್ಳುವ ಕಾದಂಬರಿ ಪ್ರಕಟಿಸಿದ್ದ. ಮೊದಲ ಆಧುನಿಕ ಪತ್ತೇದಾರಿ ಕಥೆ ಎಂದು ಹೇಳುವ ಎಡ್ಗರ್ ಅಲನ್ ಪೋನ ಕಥೆ ಬಂದದ್ದು 1841ರಲ್ಲಿ. ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಇವತ್ತಿಗೂ ಸುರಪುರದ ಗುಡ್ಡದ ಮೇಲಿದೆ. ಅವನು ಎತ್ತಿ ಆಡಿಸಿದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಸೆರೆಯಾಳಾಗಿ ಹೋಗುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಸತ್ತ. ತಾನೇ ಹೊಡೆದುಕೊಂಡ ಎಂಬುದು ಬ್ರಿಟಿಷರ ಮಾತು. ಅದನ್ನು ಒಪ್ಪದವರು ಸುರಪುರದಲ್ಲಿ ಈಗಲೂ ಇದ್ದಾರೆ. ಯಾದಗಿರಿ ಜಿಲ್ಲೆಯ ಮಕ್ಕಳಿಗಾಗಿ ಈ ಸಾವಿನ ಬೆನ್ನು ಹತ್ತುವ ಒಂದು ಕಾದಂಬರಿ ಯಾರಾದರೂ ಬರೆಯಬೇಕು ಎಂದು ನನಗೆ ತುಂಬ ಆಸೆ.

ಕನ್ನಡಕ್ಕೆ ಪತ್ತೇದಾರಿ ಹೊಸದಲ್ಲ. ನಾಲ್ಕನೇ ತರಗತಿವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಕನ್ನಡ ಓದಲು ಕಲಿತವರಿದ್ದಾರೆ. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿ ಕೂಡ ಪತ್ತೇದಾರಿ ಕಾದಂಬರಿಕಾರರು. ಆದರೂ ಸಾಹಿತ್ಯದ ಚರ್ಚೆಯಲ್ಲಿ ಈ ಪುಸ್ತಕಗಳಿಗೆ ಜಾಗ ಸಿಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕೊಂಡು ಓದಿ ಬಿಸಾಡುವಂಥವು ಎಂಬ ಮಾತು ಅಂಟಿಕೊಂಡಿತು. ಕುತೂಹಲವನ್ನೇ ಬೆನ್ನೆಲುಬು ಮಾಡಿಕೊಂಡು ದೊಡ್ಡ ಕಾದಂಬರಿ ಬರೆಯಬಹುದು ಎಂದು ಪೂರ್ಣಚಂದ್ರ ತೇಜಸ್ವಿ ತೋರಿಸಿದರು. ಅವರ 'ಚಿದಂಬರ ರಹಸ್ಯ'ಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆದರೆ ಹದಿನೈದರ ವಯಸ್ಸಿನವರನ್ನೇ ಎದುರಿಗಿಟ್ಟುಕೊಂಡು ಬರೆದ ಕನ್ನಡ ಪತ್ತೇದಾರಿ ಕಾದಂಬರಿ ಕೊಡಿ ಎಂದು ಮಕ್ಕಳು ಕೇಳಿದರೆ ಅಂಗಡಿಯವರು ತಡವರಿಸುತ್ತಾರೆ. ಒಂದು ಕಡೆ ಚಿತ್ರಗಳಿರುವ ನೀತಿಕಥೆ, ಇನ್ನೊಂದು ಕಡೆ ದೊಡ್ಡವರ ಕಾದಂಬರಿ. ನಡುವಿನ ಶೆಲ್ಫ್ ಬಹುಪಾಲು ಖಾಲಿ. ನಗರದ ಇಂಗ್ಲಿಷ್ ಮೀಡಿಯಂ ಮಕ್ಕಳು ಇಂಗ್ಲಿಷ್ ಪುಸ್ತಕಕ್ಕೆ ಹೋಗುತ್ತಾರೆ. ಫೋನಿದ್ದವರು ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕಂತಿನ ಕಥೆ ಓದುತ್ತಾರೆ. ಉಳಿದವರು ಓದುವುದನ್ನೇ ಬಿಡುತ್ತಾರೆ.

ಈ ಉಳಿದವರ ಬಗ್ಗೆಯೇ ನನಗೆ ಚಿಂತೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಶೇ 42.43 ಪಡೆದು ಕೊನೆಯ ಸ್ಥಾನದಲ್ಲಿತ್ತು. ಅದರ ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು. ಕಾದಂಬರಿ ಓದಿದರೆ ಈ ಅಂಕಿ ಏರಿಬಿಡುತ್ತದೆ ಎಂದು ನಾನು ಹೇಳುವುದಿಲ್ಲ. ಶಿಕ್ಷಕರ ಕೊರತೆ, ಹೊಲದ ಕೆಲಸ, ಮುಂಬೈ ಪುಣೆಗೆ ದುಡಿಯಲು ಹೋಗುವ ತಂದೆತಾಯಿ, ಕಾರಣ ಹಲವು. ಆದರೆ ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿತ ಹುಡುಗಿಗೆ ಪಕ್ಕದಲ್ಲಿ ಕೂತು ಅರ್ಥ ಹೇಳುವವರಿಲ್ಲ. ಅವಳನ್ನು ಮುಂದಿನ ಪುಟಕ್ಕೆ ಕರೆದೊಯ್ಯುವ ಕೆಲಸವನ್ನು ಪುಸ್ತಕವೇ ಮಾಡಬೇಕು. ಒಂದು ಪದ ತಿಳಿಯದಿದ್ದರೂ, ಮುಂದೇನಾಯಿತು ಎಂಬ ಆಸೆಯಿಂದ ಅವಳು ಅದನ್ನು ದಾಟಿಕೊಂಡು ಹೋಗುತ್ತಾಳೆ. ಹಾಗೆ ದಾಟುತ್ತಾ ದಾಟುತ್ತಾ ಉದ್ದದ ಓದು ರೂಢಿಯಾಗುತ್ತದೆ. ವರ್ಣನೆಯೇ ಹೆಚ್ಚಿರುವ ಒಳ್ಳೆಯ ಪುಸ್ತಕಕ್ಕೂ ಈ ಶಕ್ತಿ ಅಷ್ಟು ಸುಲಭವಾಗಿ ಬರುವುದಿಲ್ಲ.

ಪೋಷಕರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಕೊಲೆ, ರಕ್ತ, ಮೋಸ ಓದಿ ಮಕ್ಕಳು ಕೆಡುತ್ತಾರಾ ಎಂದು ಕೇಳುತ್ತಾರೆ. ಎಲ್ಲ ಪುಸ್ತಕವೂ ಒಳ್ಳೆಯದಲ್ಲ. ಸತ್ತ ಹುಡುಗಿಯ ಮೈಯನ್ನು ಪುಟಗಟ್ಟಲೆ ವರ್ಣಿಸಿ, ಅವಳು ಯಾರಾಗಿದ್ದಳು ಎಂದು ಒಂದು ಮಾತೂ ಹೇಳದ ಕಾದಂಬರಿಯನ್ನು ನಾನು ಮಕ್ಕಳಿಗೆ ಕೊಡುವುದಿಲ್ಲ. ಪೊಲೀಸರು ಹೊಡೆದು ಬಾಯಿ ಬಿಡಿಸಿದ ಕೂಡಲೇ ಸತ್ಯ ಸಿಕ್ಕಿತು ಎಂದು ಮುಗಿಯುವ ಪುಸ್ತಕವನ್ನೂ ಕೊಡುವುದಿಲ್ಲ. ಹೊಡೆತಕ್ಕೆ ಬರುವುದು ಒಪ್ಪಿಗೆ, ಸತ್ಯವೇ ಬರಬೇಕೆಂದಿಲ್ಲ. ಸುಳಿವುಗಳನ್ನೆಲ್ಲ ಓದುಗರ ಮುಂದೆ ಪ್ರಾಮಾಣಿಕವಾಗಿ ಇಟ್ಟು, ಕಳ್ಳತನ ಕೊಲೆಗಳ ನೋವನ್ನು ಉಳಿದವರ ಮುಖದಲ್ಲಿ ತೋರಿಸುವ ಕಾದಂಬರಿ ಇದ್ದರೆ ಅದು ಹದಿಮೂರರ ಹುಡುಗಿಗೂ ಸರಿಯೇ.

ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳ ವಿಷಯದಲ್ಲಿ ಇನ್ನೊಂದು ಮಾತಿದೆ, ಅದಕ್ಕೆ ನಾನು ತುಂಬ ತೂಕ ಕೊಡುತ್ತೇನೆ: ಬಾನಾಮತಿ ಅನ್ನುವ ಮಾಟದ ಭಯ. ರಾತ್ರಿ ಮನೆಯ ಮೇಲೆ ಕಲ್ಲು ಬೀಳುತ್ತವೆ, ಪೆಟ್ಟಿಗೆಯೊಳಗಿನ ಬಟ್ಟೆಗೆ ಬೆಂಕಿ ಹತ್ತುತ್ತದೆ, ಯಾರೋ ಮಾಡಿಸಿದ್ದಾರೆ ಎಂದು ಸುದ್ದಿ ಹಬ್ಬುತ್ತದೆ, ಕೊನೆಗೆ ಊರಿನ ಒಬ್ಬ ಬಡ ಹೆಂಗಸಿನ ಮೇಲೆ ಆರೋಪ ಬೀಳುತ್ತದೆ. ಬಾನಾಮತಿಯ ಹೆಸರಿನ ಹಿಂಸೆಯನ್ನು ತಡೆಯಲೆಂದೇ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯಲ್ಲಿ ಅದನ್ನೂ ಸೇರಿಸಲಾಗಿದೆ, 2020ರ ಜನವರಿಯಿಂದ ಅದು ಜಾರಿಯಲ್ಲಿದೆ. ಕಾಯ್ದೆಯ ಸಾಲುಗಳು ಹಳ್ಳಿಯ ಹುಡುಗನ ತಲೆಗೆ ಇಳಿಯುವುದು ಕಷ್ಟ. ಅದೇ ಕಲ್ಲು ಯಾವ ಕಡೆಯಿಂದ ಬಂತು, ಆ ಹೊತ್ತಿನಲ್ಲಿ ಯಾರು ಮನೆಯಲ್ಲಿರಲಿಲ್ಲ, ಆ ಹೆಂಗಸು ಊರು ಬಿಟ್ಟರೆ ಅವಳ ಎರಡು ಎಕರೆ ಯಾರಿಗೆ ಹೋಗುತ್ತದೆ ಎಂದು ಇಬ್ಬರು ಮಕ್ಕಳು ನೋಟ್‌ಬುಕ್ ಹಿಡಿದು ಹುಡುಕುತ್ತಾ ಹೋಗುವ ಕಾದಂಬರಿ ಅವನ ತಲೆಯಲ್ಲಿ ಕೂಡುತ್ತದೆ. ಭಯವನ್ನು ಬೆಳೆಸಿ ಲಾಭ ಮಾಡಿಕೊಳ್ಳುವ ಕಥೆಗಳು ಟೀವಿಯಲ್ಲಿ ಬೇಕಾದಷ್ಟಿವೆ. ಭಯದ ಹಿಂದಿರುವ ಕೈಯನ್ನು ಹಿಡಿದು ತೋರಿಸುವ ಕಥೆ ನಮಗೆ ಬೇಕು.

ಅಂಥ ಕಥೆ ನಮ್ಮ ಭಾಷೆಯಲ್ಲೇ ಇರಬೇಕು. ಉರ್ದು, ಮರಾಠಿ, ತೆಲುಗು ಬೆರೆತ ಇಲ್ಲಿನ ಕನ್ನಡ ಪುಸ್ತಕದಲ್ಲಿ ಬಂದಾಗ ಹೆಚ್ಚಾಗಿ ನಗಿಸಲು ಬರುತ್ತದೆ. ಪತ್ತೇದಾರಿ ಕಥೆಯಲ್ಲಿ ಮಾತೇ ಸುಳಿವು. ಒಬ್ಬ ಬೀದರಿನವನೋ ಸುರಪುರದವನೋ ಎಂದು ಅವನ ಮಾತಿನ ಧಾಟಿಯಿಂದ ನಮ್ಮ ಮಕ್ಕಳು ಥಟ್ಟನೆ ಹೇಳುತ್ತಾರೆ. ಫೋನಿನಲ್ಲಿ ಬಂದ ಬೆದರಿಕೆಯ ಒಂದೇ ವಾಕ್ಯದಿಂದ ಅಪರಾಧಿಯ ಊರು ಗುರುತಿಸುವ ನಾಯಕಿಯನ್ನು ಇಲ್ಲಿನ ಲೇಖಕರು ಮಾತ್ರ ಸೃಷ್ಟಿಸಬಲ್ಲರು. ಇಲ್ಲಿನ ಜಾಗಗಳೂ ಕಡಿಮೆಯೇನಿಲ್ಲ. ಬೀದರಿನ ನೌಬಾದ್ ಬಳಿ ನೆಲದಡಿ ಹರಿಯುವ ಬಹಮನಿ ಕಾಲದ ಸುರಂಗ ಬಾವಿ, ಕಲಬುರಗಿ ಕೋಟೆಯೊಳಗೆ ಜನ ವಾಸವಿದ್ದ ಓಣಿಗಳು, ಶಹಾಬಾದಿನ ಕಲ್ಲಿನ ಗಣಿ, ತೊಗರಿ ಹೊಲದ ನಡುವಿನ ದಾರಿ. ಮೇ ತಿಂಗಳ ಮಧ್ಯಾಹ್ನ ರಸ್ತೆಯಲ್ಲಿ ಯಾರೂ ಇರುವುದಿಲ್ಲ. ಹೊರಗೆ ಒಬ್ಬ ಓಡಾಡಿದರೂ ಅದೇ ಒಂದು ಸುಳಿವಾಗುತ್ತದೆ.

ಪುಸ್ತಕ ಬಂದರೆ ಇಡಲು ಜಾಗವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡಲಾಯಿತು. ಆ ಶೆಲ್ಫುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೇ ಜಾಸ್ತಿ ಕಾಣುತ್ತವೆ. ಅವೂ ಬೇಕು. ಜೊತೆಗೆ ಹದಿಹರೆಯದವರ ಕಾದಂಬರಿಗೆ ಒಂದು ಸಾಲು ಬಿಡಲಿ. ಒಂದೊಂದು ಪುಸ್ತಕಕ್ಕೆ ಒಂದೇ ಪ್ರತಿ ತರಿಸಬೇಡಿ, ಐದಾರು ತರಿಸಿ. ಪತ್ತೇದಾರಿ ಕಾದಂಬರಿಯನ್ನು ಮಕ್ಕಳು ಒಬ್ಬರೇ ಓದುವುದಕ್ಕಿಂತ ಗುಂಪಾಗಿ ಓದಿದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಯ ಎರಡು ಅಧ್ಯಾಯ ಬಾಕಿ ಇರುವಾಗ ಎಲ್ಲರೂ ನಿಲ್ಲಿಸಬೇಕು. ಯಾರು ಮಾಡಿದರು, ಯಾಕೆ ಅನ್ನಿಸುತ್ತದೆ, ಯಾವ ಪುಟದಲ್ಲಿ ಪುರಾವೆ ಇದೆ ಎಂದು ಒಂದು ಚೀಟಿಯಲ್ಲಿ ಬರೆದು ಗ್ರಂಥಪಾಲಕರ ಕೈಗೆ ಕೊಡಬೇಕು. ಪುಟದ ಸಂಖ್ಯೆ ಬರೆಯದ ಚೀಟಿ ಲೆಕ್ಕಕ್ಕಿಲ್ಲ.